ಗಡಿ ಪಡೆ ಕಟ್ಟಿದವರೇ ಜೈಲಿನ ಲೆಕ್ಕ ಕೇಳಿದ್ದರು: ರುಸ್ತಮ್‌ಜಿ ಬದುಕು ನಮ್ಮ ಮುಂದಿಡುವ ಪ್ರಶ್ನೆ

ಬಿಎಸ್‌ಎಫ್ ಅಂದಕೂಡಲೇ ನಮ್ಮಲ್ಲಿ ಮಾತು ಎರಡೇ ದಾರಿ ಹಿಡಿಯುತ್ತದೆ. ಒಂದು ಗುಂಪು ಸಲ್ಯೂಟ್ ಹೊಡೆದು ಸುಮ್ಮನಾಗುತ್ತದೆ, ಇನ್ನೊಂದು ಗುಂಪು ಬೈದು ಸುಮ್ಮನಾಗುತ್ತದೆ. ಆ ಪಡೆ ಯಾಕೆ ಹುಟ್ಟಿತು, ಅದರ ಕೈಗೆ ಏನೆಲ್ಲ ಅಧಿಕಾರ ಕೊಟ್ಟಿದ್ದೇವೆ, ಅದರ ಬಂದೂಕಿಗೆ ಅಮಾಯಕರೊಬ್ಬರು ಬಲಿಯಾದರೆ ಯಾರು ಯಾರಿಗೆ ಉತ್ತರ ಹೇಳಬೇಕು ಅನ್ನೋದನ್ನ ಎರಡೂ ಕಡೆಯವರು ಕೇಳೋದಿಲ್ಲ.

ಈ ಪ್ರಶ್ನೆಗಳನ್ನು ನಾನು ಒಬ್ಬ ಮನುಷ್ಯನ ಬದುಕಿನ ಮೂಲಕ ಕೇಳಲು ಹೊರಟಿದ್ದೇನೆ. ಅವರ ಹೆಸರು ಖುಸ್ರೋ ಫರಾಮುರ್ಜ್ ರುಸ್ತಮ್‌ಜಿ. ಇವತ್ತು ಕಾಲೇಜಿನಲ್ಲಿರುವ ನಿಮ್ಮಲ್ಲಿ ಹೆಚ್ಚಿನವರು ಹುಟ್ಟುವ ಮೊದಲೇ, 2003ರಲ್ಲಿ, ತೀರಿಕೊಂಡವರು. ಪೊಲೀಸ್ ಇಲಾಖೆಯಲ್ಲೂ ಕಾನೂನು ಕಾಲೇಜುಗಳಲ್ಲೂ ಅವರ ಹೆಸರು ಗೊತ್ತು, ಆದರೆ ಎರಡು ಬೇರೆ ಬೇರೆ ಕಾರಣಕ್ಕೆ. ಪೊಲೀಸರಿಗೆ ಅವರು ಗಡಿ ಭದ್ರತಾ ಪಡೆಯ ಮೊದಲ ಮುಖ್ಯಸ್ಥ. ವಕೀಲರಿಗೆ ಅವರು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಚರಿತ್ರೆಯ ಮೊದಲ ಪುಟದಲ್ಲಿ ಬರುವ ಹೆಸರು. ಗಡಿಯಲ್ಲಿ ಬಂದೂಕು ಹಿಡಿದ ಸಂಸ್ಥೆಯನ್ನು ಕಟ್ಟಿದವರೂ, ಜೈಲಿನಲ್ಲಿ ಕೊಳೆಯುತ್ತಿದ್ದ ಬಡವರ ಲೆಕ್ಕವನ್ನು ಸರ್ಕಾರದಿಂದ ಕೇಳಿದವರೂ ಒಬ್ಬರೇ. ನನ್ನ ವಾದ ಇರೋದು ಈ ಎರಡರ ನಡುವಿನ ಜಾಗದಲ್ಲಿ.

ಬ್ರಿಟಿಷರ ಪೊಲೀಸ್, ನೆಹರೂ ನೆರಳು

ರುಸ್ತಮ್‌ಜಿ ಹುಟ್ಟಿದ್ದು 1916ರ ಮೇ ತಿಂಗಳಲ್ಲಿ, ನಾಗಪುರದ ಪಕ್ಕದ ಕಾಂಪ್ಟಿಯಲ್ಲಿ. ಪಾರ್ಸಿ ಕುಟುಂಬ. 1938ರಲ್ಲಿ ಅವರು ಇಂಡಿಯನ್ ಪೊಲೀಸ್ ಸೇವೆಗೆ ಸೇರಿ ಮಧ್ಯ ಪ್ರಾಂತ್ಯಗಳಲ್ಲಿ ಕೆಲಸ ಶುರು ಮಾಡಿದರು. ಅದು ಎಂಥ ಪೊಲೀಸ್ ವ್ಯವಸ್ಥೆ ಅನ್ನೋದನ್ನ ನೆನಪಿಡಿ. 1857ರ ದಂಗೆಯಾದ ಮೇಲೆ, 1861ರ ಕಾಯ್ದೆಯ ಅಡಿಯಲ್ಲಿ ಕಟ್ಟಿದ ವ್ಯವಸ್ಥೆ ಅದು. ಪೊಲೀಸರು ಉತ್ತರ ಕೊಡಬೇಕಿದ್ದದ್ದು ಮೇಲಿನ ಅಧಿಕಾರಿಗೆ, ಆ ಅಧಿಕಾರಿ ಉತ್ತರ ಕೊಡಬೇಕಿದ್ದದ್ದು ಸರ್ಕಾರಕ್ಕೆ. ಊರಿನ ಜನಕ್ಕೆ ಯಾರೂ ಉತ್ತರ ಕೊಡಬೇಕಿರಲಿಲ್ಲ. ಈ ಅಭ್ಯಾಸ ಸ್ವಾತಂತ್ರ್ಯ ಬಂದಾಗ ಬ್ರಿಟಿಷರ ಜತೆ ಹಡಗು ಹತ್ತಲಿಲ್ಲ. ಇಲ್ಲೇ ಉಳಿಯಿತು.

1952ರಿಂದ 1958ರವರೆಗೆ ರುಸ್ತಮ್‌ಜಿ ಪ್ರಧಾನಿ ನೆಹರೂ ಅವರ ಮುಖ್ಯ ಭದ್ರತಾ ಅಧಿಕಾರಿ. ನೆಹರೂಗೆ ಭದ್ರತೆ ಅಂದರೆ ಕಿರಿಕಿರಿ. ಜನ ಕಂಡರೆ ಸಾಕು, ಗುಂಪಿನೊಳಗೆ ನುಗ್ಗಿಬಿಡುವ ಮನುಷ್ಯ. 1955ರಲ್ಲಿ ನಾಗಪುರದಲ್ಲಿ ಚಾಕು ಹಿಡಿದ ರಿಕ್ಷಾ ಎಳೆಯುವವನೊಬ್ಬ ಅವರ ಕಾರಿನ ಮೇಲೇರಿದ್ದ. ಅಂಥ ಪ್ರಧಾನಿಯನ್ನು ಜನರಿಂದ ದೂರ ಮಾಡದೆ ಕಾಯಬೇಕಿತ್ತು. ಈ ಆರು ವರ್ಷಗಳಲ್ಲಿ ರುಸ್ತಮ್‌ಜಿ ದಿನಚರಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ, 2006ರಲ್ಲಿ, ಪಿ.ವಿ. ರಾಜಗೋಪಾಲ್ ಅವರು ಆ ದಿನಚರಿಗಳನ್ನು ಸಂಪಾದಿಸಿ ಪುಸ್ತಕವಾಗಿ ತಂದರು.

ಅಧಿಕಾರದ ಅಷ್ಟು ಹತ್ತಿರ ನಿಂತವರು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡೇ ನಿವೃತ್ತರಾಗುತ್ತಾರೆ. ರುಸ್ತಮ್‌ಜಿ ಕಂಡದ್ದನ್ನು ಬರೆದಿಡುವ ಜಾತಿಯವರು. ಮುಂದೆ ದೇಶದ ನ್ಯಾಯ ವ್ಯವಸ್ಥೆಯಲ್ಲಿ ಒಂದು ದೊಡ್ಡ ತಿರುವು ಬಂದದ್ದು ಅವರ ಈ ಗುಣದಿಂದಲೇ.

ಗಬ್ಬರ್ ಸಿಂಗ್ ಕಥೆಯ ಅಸಲಿ ಪೊಲೀಸ್

1958ರಲ್ಲಿ ಅವರು ಮಧ್ಯಪ್ರದೇಶ ಪೊಲೀಸ್ ಪಡೆಯ ಮುಖ್ಯಸ್ಥರಾದರು. ಚಂಬಲ್ ಕಣಿವೆ ಆಗ ಡಕಾಯಿತರ ರಾಜ್ಯ. ನಮಗೆಲ್ಲ ಗೊತ್ತಿರುವ ಗಬ್ಬರ್ ಸಿಂಗ್ ರಾಮನಗರದ ಬಂಡೆಗಳ ಮೇಲೆ ಚಿತ್ರೀಕರಣವಾದ ಶೋಲೆ ಸಿನಿಮಾದವನು. ಆ ಹೆಸರಿನ ಅಸಲಿ ಡಕಾಯಿತ ಚಂಬಲ್‌ನಲ್ಲಿದ್ದ. ಹಳ್ಳಿಗರ ಮೂಗು ಕತ್ತರಿಸುವುದಕ್ಕೆ ಕುಖ್ಯಾತನಾಗಿದ್ದ. 1959ರ ನವೆಂಬರ್‌ನಲ್ಲಿ ರುಸ್ತಮ್‌ಜಿ ಕೈಕೆಳಗಿನ ಪೊಲೀಸರ ಗುಂಡಿಗೆ ಅವನು ಬಲಿಯಾದ.

1960ರಲ್ಲಿ ವಿನೋಬಾ ಭಾವೆ ಚಂಬಲ್‌ಗೆ ಕಾಲ್ನಡಿಗೆಯಲ್ಲಿ ಹೋದರು. ಇಪ್ಪತ್ತರಷ್ಟು ಡಕಾಯಿತರು ಅವರ ಮುಂದೆ ಶರಣಾದರು. ಇಡೀ ದೇಶ ಕೈಮುಗಿಯಿತು. ಆದರೆ ರುಸ್ತಮ್‌ಜಿ ಬಹಿರಂಗವಾಗಿಯೇ ತಕರಾರು ತೆಗೆದರು. ಇದರಿಂದ ಪೊಲೀಸರ ಮನೋಬಲ ಕುಗ್ಗುತ್ತದೆ ಅನ್ನೋದು ಅವರ ನಿಲುವು. ವಿನೋಬಾರಂಥವರನ್ನು ಎದುರುಹಾಕಿಕೊಂಡು ಹಾಗೆ ಹೇಳೋದು ಸಣ್ಣ ಮಾತಾಗಿರಲಿಲ್ಲ. ಅವರ ನಿಲುವನ್ನು ನಾವು ಒಪ್ಪಬೇಕಂತಿಲ್ಲ. ನಾನು ಇದನ್ನ ಇಲ್ಲಿ ಹೇಳ್ತಿರೋದಕ್ಕೆ ಬೇರೆ ಕಾರಣ ಇದೆ. ಬಂದೂಕಿನ ಬಗ್ಗೆ ಮೆತ್ತನೆಯ ಮನುಷ್ಯ ಅಂತ ರುಸ್ತಮ್‌ಜಿಯನ್ನು ಯಾರೂ ತಳ್ಳಿಹಾಕೋಕೆ ಆಗಲ್ಲ. ಎನ್‌ಕೌಂಟರ್ ಕಂಡವರು, ಪೊಲೀಸರ ಪರವಾಗಿ ಸಂತನ ಎದುರು ನಿಂತವರು. ಮುಂದೆ ಅವರೇ ಪೊಲೀಸರ ಹೊಣೆಗಾರಿಕೆ ಕುರಿತ ಶಿಫಾರಸುಗಳಿಗೆ ಸಹಿ ಹಾಕಿದರು. ಈ ಮಾತಿಗೆ ತೂಕ ಬರುವುದು ಅದಕ್ಕೇ.

ಕಚ್ಛ್‌ನಲ್ಲಿ ಬಯಲಾದ ಸತ್ಯ

1965ರವರೆಗೆ ಭಾರತ-ಪಾಕಿಸ್ತಾನ ಗಡಿಯನ್ನು ಕಾಯುತ್ತಿದ್ದದ್ದು ಹೆಚ್ಚಾಗಿ ಆಯಾ ರಾಜ್ಯಗಳ ಸಶಸ್ತ್ರ ಪೊಲೀಸರು. ಪಂಜಾಬಿನದ್ದು ಪಂಜಾಬಿನವರಿಗೆ, ರಾಜಸ್ಥಾನದ್ದು ರಾಜಸ್ಥಾನದವರಿಗೆ, ಗುಜರಾತಿನದ್ದು ಗುಜರಾತಿನವರಿಗೆ. ಒಂದೊಂದು ರಾಜ್ಯದ ತರಬೇತಿ ಒಂದೊಂದು ಥರ, ಬಂದೂಕು ಒಂದೊಂದು ಥರ. 1965ರ ಏಪ್ರಿಲ್ 9ರಂದು ಪಾಕಿಸ್ತಾನಿ ಸೇನೆ ಕಚ್ಛ್‌ನ ರಣ್‌ನಲ್ಲಿ ಸರ್ದಾರ್ ಪೋಸ್ಟ್ ಮೇಲೆ ದಾಳಿ ಮಾಡಿತು. ಅಲ್ಲಿದ್ದದ್ದು ಸಿಆರ್‌ಪಿಎಫ್ ಮತ್ತು ರಾಜ್ಯ ಪೊಲೀಸರ ಸಣ್ಣ ತುಕಡಿ. ಅವರು ಧೈರ್ಯದಿಂದ ಹೋರಾಡಿದರು. ಆದರೆ ಸೇನೆಯ ದಾಳಿಯನ್ನು ಎದುರಿಸುವ ಕೆಲಸ ಪೊಲೀಸರದ್ದಲ್ಲ ಅನ್ನೋದು ಅವತ್ತು ಬಯಲಾಯಿತು.

ಹಾಗಂತ ಶಾಂತಿಯ ದಿನಗಳಲ್ಲೂ ಗಡಿಯುದ್ದಕ್ಕೂ ಸೇನೆಯನ್ನೇ ನಿಲ್ಲಿಸೋಕೂ ಬರಲ್ಲ. ಬೇಕಾಗಿದ್ದದ್ದು ನಡುವಿನ ಒಂದು ಪಡೆ: ಶಾಂತಿ ಕಾಲದಲ್ಲಿ ಕಳ್ಳಸಾಗಣೆ, ಅಕ್ರಮ ಪ್ರವೇಶ ತಡೆಯುವ ಪೊಲೀಸ್, ಯುದ್ಧ ಬಂದರೆ ಸೇನೆಯ ಕೈಕೆಳಗೆ ನಿಲ್ಲುವ ಸಿಪಾಯಿ. 1965ರ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ ಹುಟ್ಟಿದ್ದು ಹೀಗೆ. ಕಟ್ಟುವ ಹೊಣೆ ರುಸ್ತಮ್‌ಜಿ ಹೆಗಲಿಗೆ ಬಿತ್ತು.

ಶುರುವಿನಲ್ಲಿ ಇದ್ದದ್ದು ಬೇರೆ ಬೇರೆ ರಾಜ್ಯಗಳಿಂದ ಬಂದ 25ರಷ್ಟು ಬೆಟಾಲಿಯನ್‌ಗಳು. ಅವನ್ನೆಲ್ಲ ಒಂದು ಸಂಸ್ಥೆಯಾಗಿ ಬೆಸೆದವರು ರುಸ್ತಮ್‌ಜಿ. ಅವರ ಅವಧಿಯಲ್ಲೇ ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ಅಕಾಡೆಮಿ ಬಂತು, ಪಡೆಗೆ ತನ್ನದೇ ವಿಮಾನ ವಿಭಾಗ ಬಂತು. 1974ರವರೆಗೆ ಅವರೇ ಮುಖ್ಯಸ್ಥರು. ಇವತ್ತು ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ನಮ್ಮ ಉತ್ತರ ಕರ್ನಾಟಕದ ಹುಡುಗರೂ ಇದ್ದಾರೆ. ಪಾಕಿಸ್ತಾನದ ಜತೆಗಿನ 3,323 ಕಿಲೋಮೀಟರ್, ಬಾಂಗ್ಲಾದೇಶದ ಜತೆಗಿನ 4,096 ಕಿಲೋಮೀಟರ್ ಗಡಿಯ ಮುಖ್ಯ ಹೊಣೆ ಈ ಪಡೆಯದ್ದು.

ಪಡೆಯ ಶಾಂತಿಕಾಲದ ಕರ್ತವ್ಯಗಳ ಪಟ್ಟಿಯಲ್ಲಿ ಕಳ್ಳಸಾಗಣೆ, ನುಸುಳುವಿಕೆ ತಡೆಯೋದು ಮಾತ್ರ ಇಲ್ಲ. ಗಡಿಯಲ್ಲಿ ಬದುಕುವ ಜನರಲ್ಲಿ ಸುರಕ್ಷತೆಯ ಭಾವ ಮೂಡಿಸೋದೂ ಇದೆ. ಇದನ್ನು ನೆನಪಿಟ್ಟುಕೊಳ್ಳಿ. ಹೊಣೆಗಾರಿಕೆ ಕೇಳುವುದು ಹೊರಗಿನವರ ಕಿತಾಪತಿ ಅಲ್ಲ, ಪಡೆಯ ಸ್ವಂತ ಕರ್ತವ್ಯಪಟ್ಟಿಯೊಳಗೇ ಅದು ಅಡಗಿದೆ.

ಮಾವಿನ ತೋಪಿನಲ್ಲಿ ಹುಟ್ಟಿದ ಸರ್ಕಾರ

ರುಸ್ತಮ್‌ಜಿ ಬದುಕಿನ ಅತ್ಯಂತ ರೋಚಕ ಅಧ್ಯಾಯ 1971ರದ್ದು. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದಲ್ಲಿ ನರಮೇಧ ಶುರು ಮಾಡಿತು. ಕೆಲವೇ ದಿನಗಳಲ್ಲಿ ಅವಾಮಿ ಲೀಗ್ ನಾಯಕ ತಾಜುದ್ದೀನ್ ಅಹ್ಮದ್ ತಪ್ಪಿಸಿಕೊಂಡು ಭಾರತದ ಗಡಿಗೆ ಬಂದರು. ಬರಮಾಡಿಕೊಂಡದ್ದು ಬಿಎಸ್‌ಎಫ್‌ನ ಐಜಿ ಗೋಲಕ್ ಮಜುಂದಾರ್. ಸುದ್ದಿ ತಿಳಿದ ರುಸ್ತಮ್‌ಜಿ ಕಲ್ಕತ್ತಾಕ್ಕೆ ಹಾರಿ ಬಂದು ತಾಜುದ್ದೀನರನ್ನು ಕಂಡರು. ಅಲ್ಲಿಂದ ತಾಜುದ್ದೀನರನ್ನು ದಿಲ್ಲಿಗೆ, ಇಂದಿರಾ ಗಾಂಧಿಯವರ ಬಳಿಗೆ ಕರೆದೊಯ್ಯಲಾಯಿತು. ಏಪ್ರಿಲ್ 17ರಂದು ಮೆಹರ್‌ಪುರದ ಬೈದ್ಯನಾಥತಲಾ ಎಂಬಲ್ಲಿ, ಒಂದು ಮಾವಿನ ತೋಪಿನಲ್ಲಿ, ಬಾಂಗ್ಲಾದೇಶದ ತಾತ್ಕಾಲಿಕ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಆ ಕಾರ್ಯಕ್ರಮದ ಹಿಂದೆ ನಿಂತು ಏರ್ಪಾಟು ಮಾಡಿದ್ದು ಬಿಎಸ್‌ಎಫ್. ಏಪ್ರಿಲ್ ಕೊನೆಗೆ ಸೇನೆ ಹೊಣೆ ವಹಿಸಿಕೊಳ್ಳುವವರೆಗೂ ಮುಕ್ತಿ ಬಾಹಿನಿಯ ಹುಡುಗರಿಗೆ ಆಸರೆಯಾಗಿದ್ದದ್ದು ಇದೇ ಪಡೆ.

ಆ ವರ್ಷ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಗಡಿ ಕಾಯುವ ಪಡೆ ಅವತ್ತು ಗಡಿಯನ್ನು ತೆರೆದಿಟ್ಟಿತ್ತು. ಬಿಎಸ್‌ಎಫ್ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಯ ವರ್ಷ ಇನ್ನೊಂದಿಲ್ಲ ಅಂತ ನನಗನಿಸುತ್ತೆ.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಅವತ್ತಿನ ಕೆಲಸದಲ್ಲಿ ಬಹುಪಾಲು ಗುಟ್ಟಾಗಿ ನಡೆದದ್ದು. ಕಾರಣ ನ್ಯಾಯದ್ದಾಗಿತ್ತು, ಗುಟ್ಟು ಅನಿವಾರ್ಯವೂ ಆಗಿತ್ತು. ಆದರೆ ಗುಟ್ಟಾಗಿ ಕೆಲಸ ಮಾಡಿ ಹೊಗಳಿಸಿಕೊಂಡ ಸಂಸ್ಥೆಗೆ ಗುಟ್ಟೇ ಅಭ್ಯಾಸವಾಗುತ್ತದೆ. ಒಳ್ಳೆಯ ಉದ್ದೇಶಕ್ಕೆ ಸಿಕ್ಕ ರಿಯಾಯಿತಿ ಕೆಟ್ಟ ದಿನಗಳಲ್ಲೂ ಮುಂದುವರಿಯುತ್ತದೆ.

1968ರ ಕಾಯ್ದೆ: ಒಳಗಿನವರೇ ನ್ಯಾಯಾಧೀಶರು

ಈ ಅಭ್ಯಾಸಕ್ಕೆ ಕಾನೂನಿನ ಚೌಕಟ್ಟು ಮೊದಲೇ ಸಿದ್ಧವಾಗಿತ್ತು. ಪಡೆ ಹುಟ್ಟಿದ ಮೂರು ವರ್ಷಕ್ಕೆ, ರುಸ್ತಮ್‌ಜಿ ಮುಖ್ಯಸ್ಥರಾಗಿದ್ದಾಗಲೇ, ಗಡಿ ಭದ್ರತಾ ಪಡೆ ಕಾಯ್ದೆ 1968 ಜಾರಿಗೆ ಬಂತು. ಅದರ ಅಚ್ಚು ಸೇನಾ ಕಾಯ್ದೆಯದ್ದು. ಅದರ ಪ್ರಕಾರ ಪಡೆಗೆ ತನ್ನದೇ ಮೂರು ಬಗೆಯ ನ್ಯಾಯಾಲಯಗಳಿವೆ. ದೊಡ್ಡ ಪ್ರಕರಣಗಳನ್ನು ಕನಿಷ್ಠ ಐವರು ಅಧಿಕಾರಿಗಳ ಜನರಲ್ ಸೆಕ್ಯುರಿಟಿ ಫೋರ್ಸ್ ಕೋರ್ಟ್ ನಡೆಸುತ್ತದೆ. ಚಿಕ್ಕ ಕೋರ್ಟಾದ ಸಮ್ಮರಿ ಕೋರ್ಟಿನಲ್ಲಿ ಕಮಾಂಡೆಂಟ್ ಒಬ್ಬರೇ ನ್ಯಾಯಾಲಯ.

ನಾಗರಿಕರ ಕೊಲೆ, ಅತ್ಯಾಚಾರದಂಥ ಅಪರಾಧಗಳನ್ನು ಈ ಒಳಕೋರ್ಟುಗಳು ನಡೆಸುವಂತಿಲ್ಲ ಅಂತ ಕಾಯ್ದೆ ಹೇಳುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಮುಂದಿನ ಸಾಲಿನಲ್ಲೇ ವಿನಾಯಿತಿ ಇದೆ. ಆರೋಪಿ ಸಕ್ರಿಯ ಕರ್ತವ್ಯದಲ್ಲಿದ್ದರೆ ಒಳಕೋರ್ಟೇ ನಡೆಸಬಹುದು. ಯಾವುದು ಸಕ್ರಿಯ ಕರ್ತವ್ಯ ಅಂತ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿ ಘೋಷಿಸಬಹುದು. ಪ್ರಕರಣ ಸಾಮಾನ್ಯ ಕ್ರಿಮಿನಲ್ ಕೋರ್ಟಿಗೂ ಒಳಕೋರ್ಟಿಗೂ ಬರುವಂಥದ್ದಾದರೆ, ಎಲ್ಲಿ ನಡೆಯಬೇಕು ಅಂತ ಮೊದಲು ತೀರ್ಮಾನಿಸುವ ಅಧಿಕಾರವೂ ಪಡೆಯ ಹಿರಿಯ ಅಧಿಕಾರಿಗಳದ್ದು. ಅಂದರೆ ಆರೋಪಿಯ ಇಲಾಖೆಯೇ ನ್ಯಾಯಾಧೀಶರನ್ನೂ ಆರಿಸುತ್ತದೆ.

ಇದಕ್ಕೆ ಇನ್ನೂ ಎರಡು ಬೀಗ ಸೇರಿಸಿ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಕೇಂದ್ರದ ಸಶಸ್ತ್ರ ಪಡೆಗಳ ಮೇಲೆ ದೂರು ಬಂದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು, ಅಷ್ಟೇ. ರಾಜ್ಯ ಪೊಲೀಸರ ವಿಷಯದಲ್ಲಿ ಮಾಡುವಂತೆ ತಾನೇ ತನಿಖೆಗಿಳಿಯುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲೂ ಬಿಎಸ್‌ಎಫ್ ಇದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಉಳಿದ ಮಾಹಿತಿಗೆ ವಿನಾಯಿತಿ.

ಪಾಟ್ನಾದ ಜೈಲುಗಳಿಂದ ಸುಪ್ರೀಂ ಕೋರ್ಟಿಗೆ

ಬಿಎಸ್‌ಎಫ್ ಬಿಟ್ಟ ಮೇಲೆ ರುಸ್ತಮ್‌ಜಿ ಗೃಹ ಸಚಿವಾಲಯದಲ್ಲಿ ವಿಶೇಷ ಕಾರ್ಯದರ್ಶಿಯಾದರು. ಸಮುದ್ರದ ಗಡಿ ಕಾಯಲು ಪ್ರತ್ಯೇಕ ಪಡೆ ಬೇಕು ಅಂತ 1975ರಲ್ಲಿ ವರದಿ ಕೊಟ್ಟದ್ದು ಅವರ ನೇತೃತ್ವದ ಸಮಿತಿ. ಕೋಸ್ಟ್ ಗಾರ್ಡ್ ಹುಟ್ಟಿದ್ದು ಅದರಿಂದ. ಮಂಗಳೂರಿನ ಪಣಂಬೂರಿನಲ್ಲಿ ಇವತ್ತು ಕಾಣುವ ಕೋಸ್ಟ್ ಗಾರ್ಡ್ ಕಚೇರಿಯ ಬೇರು ಅಲ್ಲಿದೆ.

ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ, ಜನತಾ ಸರ್ಕಾರ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚಿಸಿತು. ರುಸ್ತಮ್‌ಜಿ ಅದರ ಸದಸ್ಯ. ಆ ಕೆಲಸದ ಮೇಲೆ ಬಿಹಾರಕ್ಕೆ ಹೋದಾಗ ಅವರು ಜೈಲುಗಳನ್ನು ನೋಡಿದರು. ಅಲ್ಲಿದ್ದ ಬಹಳಷ್ಟು ಜನರಿಗೆ ಶಿಕ್ಷೆಯೇ ಆಗಿರಲಿಲ್ಲ. ವಿಚಾರಣೆಯೂ ಶುರುವಾಗಿರಲಿಲ್ಲ. ಅಪರಾಧ ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ವರ್ಷ ಕೆಲವರು ಒಳಗೇ ಕಳೆದಿದ್ದರು. ಜಾಮೀನಿಗೆ ಕಾಸಿಲ್ಲದ ಬಡವರು. ಹೆಂಗಸರು, ಮಕ್ಕಳು ಕೂಡ.

ಅವರು ವರದಿಯೊಂದನ್ನು ಬರೆದು ಫೈಲಿಗೆ ಹಾಕಿ ಮನೆಗೆ ಹೋಗಬಹುದಿತ್ತು. 1979ರ ಜನವರಿಯಲ್ಲಿ ಅವರ ಬರಹ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ಹುಸೈನಾರಾ ಖಾತೂನ್ ಪ್ರಕರಣ. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಆ ಪ್ರಕರಣದಿಂದ ಸುಮಾರು 40,000 ವಿಚಾರಣಾಧೀನ ಕೈದಿಗಳು ಹೊರಬಂದರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಭಾರತದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಕಥೆ ಶುರುವಾಗುವುದು ಇಲ್ಲಿಂದ.

ಅದೇ ವರ್ಷ ಬಂದ ಪೊಲೀಸ್ ಆಯೋಗದ ಮೊದಲ ವರದಿಯಲ್ಲಿ ಇನ್ನೊಂದು ಮಾತಿದೆ. ಪೊಲೀಸ್ ಕಸ್ಟಡಿಯಲ್ಲಿ ಅತ್ಯಾಚಾರ ಅಥವಾ ಸಾವು ಸಂಭವಿಸಿದರೆ, ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಅಥವಾ ಹೆಚ್ಚು ಜನ ಸತ್ತರೆ, ನ್ಯಾಯಾಂಗ ತನಿಖೆ ಕಡ್ಡಾಯವಾಗಬೇಕು ಅಂತ ಅದು ಶಿಫಾರಸು ಮಾಡಿತು. ಇಲಾಖೆಯ ತಪ್ಪನ್ನು ಇಲಾಖೆಯೇ ಅಳೆಯಬಾರದು ಅನ್ನೋದು ಇದರ ತಿರುಳು. ಜೀವಮಾನವಿಡೀ ಖಾಕಿ ತೊಟ್ಟ ರುಸ್ತಮ್‌ಜಿ ಈ ಆಯೋಗದ ಸದಸ್ಯರಾಗಿದ್ದರು.

ಆಮೇಲೆ ಏನಾಯಿತು?

ಆಯೋಗದ ಎಂಟು ವರದಿಗಳು ದಿಲ್ಲಿಯ ಕಪಾಟಿನಲ್ಲಿ ಧೂಳು ತಿಂದವು. ಅವನ್ನು ಹೊರತೆಗೆಸಲು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಪ್ರಕಾಶ್ ಸಿಂಗ್. ಅವರು ಯಾರು ಗೊತ್ತಾ? ಬಿಎಸ್‌ಎಫ್‌ನ ಇನ್ನೊಬ್ಬ ನಿವೃತ್ತ ಮುಖ್ಯಸ್ಥರು. 2006ರಲ್ಲಿ ಬಂದ ತೀರ್ಪು ಪ್ರತಿ ರಾಜ್ಯದಲ್ಲೂ ಪೊಲೀಸ್ ದೂರು ಪ್ರಾಧಿಕಾರ ರಚಿಸಬೇಕು ಅಂತ ಆದೇಶಿಸಿತು. ಕರ್ನಾಟಕವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಕ್ಕೆ ಅವಕಾಶ ಮಾಡಿತು. ಅದು ಹಲ್ಲಿಲ್ಲದ ಹಾವು ಅನ್ನೋ ದೂರಿದ್ದರೂ, ನಮ್ಮೂರಿನ ಠಾಣೆಯಲ್ಲಿ ಅನ್ಯಾಯವಾದರೆ ಕಾನೂನಿನ ಪುಸ್ತಕದಲ್ಲಾದರೂ ಹೋಗುವ ಒಂದು ಜಾಗವಿದೆ. ಕೂಚ್‌ಬಿಹಾರದ ಗಡಿಯ ರೈತನಿಗೆ ಬಿಎಸ್‌ಎಫ್ ವಿರುದ್ಧ ಹೋಗಲು ಅಂಥ ಜಾಗವಿಲ್ಲ. ಬೇಲಿ ಇರುವುದು ಗಡಿರೇಖೆಯಿಂದ ಸುಮಾರು 150 ಗಜ ಒಳಗೆ. ಬೇಲಿಯ ಆಚೆ ಉಳಿದ ತನ್ನದೇ ಹೊಲಕ್ಕೆ ಹೋಗಲು ಅವನು ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟು, ಅವರು ಹೇಳಿದ ಹೊತ್ತಿಗೆ ಮರಳಬೇಕು. ದಿನಾ ಆ ಪಡೆಯ ಜತೆ ಬದುಕುವವನು ದೂರು ಕೊಡಬೇಕಾದದ್ದೂ ಹೆಚ್ಚಾಗಿ ಅದೇ ಪಡೆಗೆ.

2011ರ ಜನವರಿ 7ರ ಮುಂಜಾನೆ ಇದರ ಫಲ ಜಗತ್ತಿಗೇ ಕಂಡಿತು. 15 ವರ್ಷದ ಬಾಂಗ್ಲಾದೇಶಿ ಹುಡುಗಿಯೊಬ್ಬಳು ತಂದೆಯ ಜತೆ ಬೇಲಿ ಹತ್ತಿ ತನ್ನ ದೇಶಕ್ಕೆ ಮರಳುತ್ತಿದ್ದಳು. ಅವಳ ಮದುವೆ ಗೊತ್ತಾಗಿತ್ತು. ಬಟ್ಟೆ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಬಿಎಸ್‌ಎಫ್ ಜವಾನನ ಗುಂಡಿಗೆ ಅವಳು ಸತ್ತಳು. ಶವ ಗಂಟೆಗಟ್ಟಲೆ ಬೇಲಿಗೆ ನೇತಾಡುತ್ತಿತ್ತು. ಜವಾನನ ವಿಚಾರಣೆ ನಡೆದದ್ದು ಒಳಕೋರ್ಟಿನಲ್ಲಿ. 2013ರ ಸೆಪ್ಟೆಂಬರ್‌ನಲ್ಲಿ ಖುಲಾಸೆಯಾಯಿತು. ಮರುಪರಿಶೀಲನೆಗೆ ಆದೇಶವಾಯಿತು. ಅದೇ ಪೀಠ ಮತ್ತೆ ಕೂತು 2015ರ ಜುಲೈನಲ್ಲಿ ಮತ್ತೆ ಖುಲಾಸೆ ಮಾಡಿತು. ಮಾನವ ಹಕ್ಕುಗಳ ಆಯೋಗ 5 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಅದಕ್ಕಿಂತ ಹೆಚ್ಚು ಮಾಡಲು ಆಯೋಗಕ್ಕೆ ಕಾನೂನಿನಲ್ಲಿ ದಾರಿಯಿರಲಿಲ್ಲ.

1971ರಲ್ಲಿ ಅದೇ ಗಡಿಯಲ್ಲಿ ಅದೇ ಪಡೆ ಆ ಹುಡುಗಿಯ ದೇಶ ಹುಟ್ಟಲು ನೆರವಾಗಿತ್ತು. ನಲವತ್ತು ವರ್ಷದಲ್ಲಿ ಪಡೆಯ ಮನುಷ್ಯರು ಕೆಟ್ಟವರಾದರು ಅಂತ ನಾನು ಹೇಳಲ್ಲ. ಕೇಳುವವರಿಲ್ಲದ ವ್ಯವಸ್ಥೆಯಲ್ಲಿ ಒಳ್ಳೆಯತನ ಮೇಲಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಾಗುತ್ತದೆ. ರುಸ್ತಮ್‌ಜಿಯಂಥವರು ಕೂತಾಗ ಗೇಟು ತೆರೆಯುತ್ತದೆ, ಇನ್ನೊಬ್ಬರು ಕೂತಾಗ ಮುಚ್ಚುತ್ತದೆ.

ಈ ನಡುವೆ ಅಧಿಕಾರ ಮಾತ್ರ ಬೆಳೆಯುತ್ತಲೇ ಇದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪಂಜಾಬ್, ಪಶ್ಚಿಮ ಬಂಗಾಳ ಮತ್ತು ಅಸ್ಸಾಂನಲ್ಲಿ ಬಿಎಸ್‌ಎಫ್‌ನ ಶೋಧ, ಜಪ್ತಿ, ಬಂಧನದ ವ್ಯಾಪ್ತಿಯನ್ನು ಗಡಿಯಿಂದ 15 ಕಿಲೋಮೀಟರ್ ಇದ್ದದ್ದನ್ನು 50ಕ್ಕೆ ಏರಿಸಿತು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಮೆಜೆಸ್ಟಿಕ್‌ನಿಂದ ಕೆಂಗೇರಿವರೆಗೆ ಇದ್ದ ಅಧಿಕಾರ ರಾಮನಗರದವರೆಗೆ ಚಾಚಿತು. ಪಂಜಾಬ್ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನು ಸುವ್ಯವಸ್ಥೆ ರಾಜ್ಯದ ವಿಷಯ, ಒಕ್ಕೂಟ ವ್ಯವಸ್ಥೆಗೆ ಇದು ಪೆಟ್ಟು ಅನ್ನೋದು ಅದರ ವಾದ. ನನಗೆ ಅದರಷ್ಟೇ ಮುಖ್ಯವಾಗಿ ಕಾಣುವುದು ಇನ್ನೊಂದು: ವ್ಯಾಪ್ತಿ ಮೂರು ಪಟ್ಟಿಗೂ ಹೆಚ್ಚಾಯಿತು, ಹೊಣೆಗಾರಿಕೆ ಒಂದಿಂಚೂ ಹೆಚ್ಚಲಿಲ್ಲ.

2025ರಲ್ಲಿ ಬಂಗಾಳಿ ಮಾತಾಡುವ ಕೂಲಿಕಾರರನ್ನು ದಿಲ್ಲಿ, ಮಹಾರಾಷ್ಟ್ರದಿಂದ ಹಿಡಿದು ತಂದು ಬಾಂಗ್ಲಾದೇಶಕ್ಕೆ ತಳ್ಳಿದ ಪ್ರಕರಣಗಳು ಬಂದವು. ಅವರಲ್ಲಿ ಕೆಲವರನ್ನು ಭಾರತೀಯರು ಅಂತ ಗೊತ್ತಾದ ಮೇಲೆ ವಾಪಸ್ ಕರೆತರಬೇಕಾಯಿತು. ದಿಲ್ಲಿಯಿಂದ ತಳ್ಳಲ್ಪಟ್ಟ ಬೀರ್‌ಭೂಮ್‌ನ ಗರ್ಭಿಣಿಯೊಬ್ಬಳನ್ನು ಹಿಂದಕ್ಕೆ ಕರೆತರುವಂತೆ ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಡಿಸೆಂಬರ್‌ನಲ್ಲಿ ಅವಳು ಮರಳಿದಳು. ಕಾಗದ ನೋಡಿ, ಕೋರ್ಟಿಗೆ ಹಾಜರುಪಡಿಸಿ ಆಮೇಲೆ ನಿರ್ಧರಿಸಬೇಕಾದದ್ದು ಇಲ್ಲಿ ತಲೆಕೆಳಗಾಗಿದೆ. ಮೊದಲು ತಳ್ಳೋದು, ವಿಚಾರಣೆ ಆಮೇಲೆ.

ಜವಾನನಿಗೂ ಇದೇ ಬಾಗಿಲು

ಇಷ್ಟು ಹೇಳಿದರೆ ಒಂದು ಆಕ್ಷೇಪ ಬರುತ್ತೆ. ಕತ್ತಲಲ್ಲಿ, ಮಂಜಿನಲ್ಲಿ, ಕಳ್ಳಸಾಗಣೆದಾರರ ಮಚ್ಚಿನ ಎದುರು ನಿಂತವನಿಗೆ ಕೋರ್ಟಿನ ಭಯ ಹುಟ್ಟಿಸಿದರೆ ಅವನು ಕೆಲಸ ಮಾಡೋದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಗಡಿಯಲ್ಲಿ ಜವಾನರೂ ಹಲ್ಲೆಗೊಳಗಾಗುತ್ತಾರೆ, ಸಾಯುತ್ತಾರೆ. ಆದರೆ ಆತ್ಮರಕ್ಷಣೆಯ ಹಕ್ಕು ಸಾಮಾನ್ಯ ಕ್ರಿಮಿನಲ್ ಕಾನೂನಿನಲ್ಲೇ ಇದೆ. ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಿದವನನ್ನು ಬಹಿರಂಗ ನ್ಯಾಯಾಲಯವೂ ಬಿಡುಗಡೆ ಮಾಡುತ್ತದೆ. ಅಂಥ ಬಿಡುಗಡೆಯನ್ನು ಜನ ನಂಬುತ್ತಾರೆ. ಮುಚ್ಚಿದ ಕೋಣೆಯ ಖುಲಾಸೆಯನ್ನು ಯಾರೂ ನಂಬಲ್ಲ. ನಿರಪರಾಧಿ ಜವಾನನ ಮೇಲೂ ಕಳಂಕ ಉಳಿದುಬಿಡುತ್ತದೆ.

ಇನ್ನೊಂದು ವಿಷಯ. ಆ ಮುಚ್ಚಿದ ಬಾಗಿಲು ಜವಾನನನ್ನೂ ಕಾಯಲ್ಲ. 2017ರ ಜನವರಿಯಲ್ಲಿ ಜಮ್ಮು-ಕಾಶ್ಮೀರದ ಗಡಿಯಲ್ಲಿದ್ದ ಜವಾನನೊಬ್ಬ ತಮಗೆ ಕೊಡುವ ನೀರುನೀರಾದ ದಾಲ್, ಸುಟ್ಟ ರೊಟ್ಟಿಯ ವಿಡಿಯೋ ಹಾಕಿದ. ದೇಶವೇ ನೋಡಿತು. ಏಪ್ರಿಲ್ ಹೊತ್ತಿಗೆ ಅವನು ಕೆಲಸ ಕಳೆದುಕೊಂಡಿದ್ದ. ವಜಾ ಮಾಡಿದ್ದು ಅದೇ ಸಮ್ಮರಿ ಒಳಕೋರ್ಟು. ಸೇನೆಯವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಾದರೂ ಇದೆ. ಬಿಎಸ್‌ಎಫ್ ಜವಾನ ಅದರ ವ್ಯಾಪ್ತಿಗೆ ಬರೋದಿಲ್ಲ. ಮೇಲಿನವರಿಗೆ ಮಾತ್ರ ಉತ್ತರ ಕೊಡುವ ಸಂಸ್ಥೆಯಲ್ಲಿ ಕೆಳಗಿನವರಿಗೆ ಸಿಗುವುದು ಇಷ್ಟೇ.

ರುಸ್ತಮ್‌ಜಿಗೆ 1991ರಲ್ಲಿ ಪದ್ಮವಿಭೂಷಣ ಬಂತು. ತಾವು ಕಟ್ಟಿದ ಪಡೆಯ ಕಾಯ್ದೆಯನ್ನು ತಮ್ಮದೇ ಆಯೋಗದ ಅಳತೆಗೋಲಿನಿಂದ ಸರ್ಕಾರ ಅಳೆಯುವುದನ್ನು ನೋಡದೆಯೇ, 2003ರ ಮಾರ್ಚ್‌ನಲ್ಲಿ ಅವರು ಮುಂಬೈಯಲ್ಲಿ ತೀರಿಕೊಂಡರು. ಆ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ.

ಮಾಡಬೇಕಾದದ್ದೇನು ಅನ್ನೋದು ಗೊತ್ತಿಲ್ಲದ ಸಂಗತಿ ಅಲ್ಲ. ನಾಗರಿಕರ ಸಾವು, ಅತ್ಯಾಚಾರದ ಆರೋಪಗಳು ಸಕ್ರಿಯ ಕರ್ತವ್ಯದ ನೆಪವಿಲ್ಲದೆ ಸಾಮಾನ್ಯ ಕ್ರಿಮಿನಲ್ ಕೋರ್ಟಿಗೆ ಹೋಗಬೇಕು. ಮಾನವ ಹಕ್ಕುಗಳ ಆಯೋಗಕ್ಕೆ ಬಿಎಸ್‌ಎಫ್ ವಿರುದ್ಧದ ದೂರುಗಳ ನೇರ ತನಿಖೆಯ ಅಧಿಕಾರ ಸಿಗಬೇಕು. ಗಡಿ ಜಿಲ್ಲೆಗಳಲ್ಲಿ ಸ್ಥಳೀಯರೂ, ಪಡೆಯ ಜವಾನರೂ ದೂರು ಕೊಡಬಹುದಾದ ಸ್ವತಂತ್ರ ಪ್ರಾಧಿಕಾರ ಬೇಕು. ಎಷ್ಟು ಸಲ ಗುಂಡು ಹಾರಿತು, ಎಷ್ಟು ಜನ ಸತ್ತರು, ಎಷ್ಟು ಜನರನ್ನು ಯಾವ ಆದೇಶದ ಮೇಲೆ ಗಡಿಯಾಚೆ ಕಳಿಸಲಾಯಿತು ಅನ್ನೋ ಲೆಕ್ಕ ಪ್ರತಿ ವರ್ಷ ಸಂಸತ್ತಿನ ಮುಂದೆ ಬರಬೇಕು.

ಗಡಿ ನಮ್ಮಿಂದ ದೂರ, ನಮಗ್ಯಾಕೆ ಅಂತ ಅನ್ನಿಸಬಹುದು. ಆದರೆ ಬಿಎಸ್‌ಎಫ್ ಕಾಯ್ದೆ ಸಂಸತ್ತಿನದ್ದು. ಅದರ ಬಜೆಟ್‌ಗೆ ಕೈ ಎತ್ತುವವರಲ್ಲಿ ಕರ್ನಾಟಕದಿಂದ ಹೋದ 28 ಲೋಕಸಭಾ ಸದಸ್ಯರಿದ್ದಾರೆ. ಮುಂದಿನ ಸಲ ನಿಮ್ಮ ಸಂಸದರು ಗಡಿಯ ಯೋಧರ ಹೆಸರಿನಲ್ಲಿ ಭಾಷಣ ಮಾಡಿದಾಗ, 1968ರ ಕಾಯ್ದೆಯನ್ನು ಒಮ್ಮೆಯಾದರೂ ಓದಿದ್ದೀರಾ ಅಂತ ಕೇಳಿ. ನೀವು ದೇಶದ್ರೋಹಿ ಅಂತ ಅವರೇನಾದರೂ ಅಂದರೆ, ಈ ಪ್ರಶ್ನೆಗೆ ದಾರಿ ತೋರಿಸಿದವರು ಬಿಎಸ್‌ಎಫ್‌ನ ಮೊದಲ ಮುಖ್ಯಸ್ಥರೇ ಅಂತ ತಿಳಿಸಿ.